ಎಳ್ಳು ಕಾಳಿನಷ್ಟು ಕಲೆ

ಫೆಬ್ರವರಿ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಎರಡು ಚಿಂತೆ. ಒಂದು ತೋಟದ ನೀರಿನದು, ಇನ್ನೊಂದು ಮಕ್ಕಳ ಪರೀಕ್ಷೆಯದು. ಹೊಸನಗರ ತಾಲ್ಲೂಕಿನ ಈ ಮನೆಯಲ್ಲಿ 2025ರ ಫೆಬ್ರವರಿಯಲ್ಲಿ ಎರಡೂ ಇದ್ದವು. ಕೊಯ್ಲು ಮುಗಿದು ಕೊನೆಯ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ಬಾವಿಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಸಾಗರದಲ್ಲಿ ರೂಮು ಮಾಡಿಕೊಂಡು ಎರಡನೇ ಪಿ.ಯು.ಸಿ. ಓದುತ್ತಿದ್ದ ಮಗ, ಮಾರ್ಚ್ 1ರಿಂದ ಶುರುವಾಗಲಿದ್ದ ಪರೀಕ್ಷೆಗೆ ಓದಿಕೊಳ್ಳಲೆಂದು ಪುಸ್ತಕದ ಚೀಲ ಹೊತ್ತು 15ರ ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬಂದಿದ್ದ. ಆದರೆ ಆ ವಾರ ಮನೆಯವರ ನಿದ್ದೆ ಕೆಡಿಸಿದ್ದು ನೀರೂ ಅಲ್ಲ, ಪರೀಕ್ಷೆಯೂ ಅಲ್ಲ. ಅಡುಗೆಮನೆಯ ಗ್ಯಾಸ್ ಸಿಲಿಂಡರ್.

ಭಾನುವಾರ ಸಂಜೆ ತಾಯಿ, ಐದನೇ ತರಗತಿಯ ಮಗಳಿಗೆ ಒಳಗಿಂದ ಉಪ್ಪಿನಕಾಯಿ ಭರಣಿ ತರಲು ಹೇಳಿದರು. ಪುಟ್ಟಿ ಹೊಸ್ತಿಲ ತನಕ ಹೋಗಿ ನಿಂತಳು. ಒಳಗೆ ಕಾಲಿಡಲಿಲ್ಲ. ಕಾರಣ ಕೇಳಿದರೆ ಸಿಲಿಂಡರಿನ ಕಡೆ ಬೆರಳು ತೋರಿಸಿದಳು. ತಾಯಿಗೆ ಎದೆ ಧಸಕ್ಕೆಂದಿತು. ಮಕ್ಕಳ ಮೂಗು ಚುರುಕು, ಅನಿಲ ಸೋರುತ್ತಿರಬೇಕು ಎಂದುಕೊಂಡು ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿದರು, ಕಿಟಕಿ ತೆರೆದರು, ಸೋಪಿನ ನೊರೆ ಹಚ್ಚಿ ಪೈಪಿನ ಉದ್ದಕ್ಕೂ ಗುಳ್ಳೆ ಹುಡುಕಿದರು. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಸಿಲಿಂಡರನ್ನೇ ಹೊರಗೆ ಒಯ್ದಿಟ್ಟು ಕಟ್ಟಿಗೆ ಒಲೆಯ ಮೇಲೆ ಅನ್ನ ಮಾಡಿದರು. ಆಗ ಪುಟ್ಟಿ ಬಂದು ಊಟ ಮಾಡಿದಳು. ಮರುದಿನ ಅದು ಒಳಗೆ ಬಂದದ್ದೇ ತಡ, ಅವಳು ಮತ್ತೆ ಜಗಲಿಯ ಕಂಬ ಅಪ್ಪಿಕೊಂಡಳು. ರಾತ್ರಿ ಬಚ್ಚಲುಮನೆಗೆ ಒಬ್ಬಳೇ ಹೋಗಲೊಲ್ಲಳು. ನಿದ್ದೆಯಲ್ಲಿ ಎರಡು ಸಲ ಚೀರಿಕೊಂಡಳು.

ಸೋಮವಾರ ಮಧ್ಯಾಹ್ನ ತಲೆ ಬಾಚುವಾಗ, ತಾಯಿಯ ಮುಖ ಕಾಣದ ಧೈರ್ಯದಲ್ಲಿ, ಅವಳೇ ಬಾಯಿಬಿಟ್ಟಳು.

“ಆ ಪಾಪೂಗೆ ಅದರಲ್ಲೇ ಹೊಡೆದ್ರಲ್ಲಮ್ಮ.”

“ಯಾವ ಪಾಪು? ಯಾರು ಹೊಡೆದ್ರು?”

“ಅಣ್ಣನ ಫೋನಲ್ಲಿ.”

ತಾಯಿಯ ಕೈಯ ಬಾಚಣಿಗೆ ಅಲ್ಲೇ ನಿಂತಿತು.

*

ಅಣ್ಣನ ಫೋನಿನಲ್ಲಿದ್ದದ್ದು ‘ಮಾರ್ಕೊ’. 2024ರ ಡಿಸೆಂಬರ್ 20ರಂದು ಬಿಡುಗಡೆಯಾದ ಮಲಯಾಳ ಚಿತ್ರ. ನಿರ್ದೇಶಕ ಹನೀಫ್ ಅದೇನಿ, ನಾಯಕ ಉನ್ನಿ ಮುಕುಂದನ್. ಇದೇ ನಿರ್ದೇಶಕರ ‘ಮಿಖಾಯೇಲ್’ ಎಂಬ 2019ರ ಚಿತ್ರದಲ್ಲಿ ಖಳನಾಗಿ ಬಂದುಹೋಗಿದ್ದ ಪಾತ್ರ ಇಲ್ಲಿ ನಾಯಕನ ಪಟ್ಟಕ್ಕೇರಿದೆ. ಕಥೆ ದೊಡ್ಡದೇನಲ್ಲ. ಚಿನ್ನದ ವ್ಯಾಪಾರದ ಒಂದು ಶ್ರೀಮಂತ ಮನೆತನ. ಆ ಮನೆಯ ಕಣ್ಣಿಲ್ಲದ ಹುಡುಗ ವಿಕ್ಟರ್ ಕ್ರೂರವಾಗಿ ಕೊಲೆಯಾಗುತ್ತಾನೆ. ಅದೇ ಮನೆ ಸಾಕಿಕೊಂಡ ಮಾರ್ಕೊ ಸೇಡಿಗೆ ಹೊರಡುತ್ತಾನೆ. ಭಾರತದಲ್ಲೇ ಅತಿ ಹಿಂಸೆಯ ಚಿತ್ರವೆಂಬುದು ಅದಕ್ಕೆ ದೂರಾಗಿರಲಿಲ್ಲ, ಜಾಹೀರಾತಾಗಿತ್ತು. ಥಿಯೇಟರಿನಲ್ಲಿ ಅದಕ್ಕೆ ‘ಎ’ ಪ್ರಮಾಣಪತ್ರ, ಅಂದರೆ ಹದಿನೆಂಟು ತುಂಬಿದವರಿಗೆ ಮಾತ್ರ. ಚಿತ್ರದ ಕೊನೆಯ ಭಾಗದಲ್ಲಿ ವೈರಿಗಳು ನಾಯಕನ ಮನೆಗೇ ನುಗ್ಗುತ್ತಾರೆ. ಹೆಂಗಸರು ಮಕ್ಕಳೆನ್ನದೆ ಕೊಲ್ಲುತ್ತಾರೆ. ಅಲ್ಲಿ ಒಂದು ಮಗು ಇದೆ, ಒಂದು ಗ್ಯಾಸ್ ಸಿಲಿಂಡರ್ ಇದೆ. ಹೆಚ್ಚಿನ ವಿವರ ಬೇಡ.

ಈ ಚಿತ್ರ ಫೆಬ್ರವರಿ 14ರ ಶುಕ್ರವಾರ ಸೋನಿ ಲಿವ್‌ನಲ್ಲಿ ಬಂತು. ಸಾಗರದ ರೂಮಿನಲ್ಲಿ ಗೆಳೆಯರೆಲ್ಲ ಅದಕ್ಕೇ ಕಾದಿದ್ದರು. ಹಳ್ಳಿಯ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು; ಆದ್ದರಿಂದ ಮಗ ಸಾಗರದಲ್ಲೇ ಅದನ್ನು ಡೌನ್‌ಲೋಡ್ ಮಾಡಿಕೊಂಡು, ಭೌತಶಾಸ್ತ್ರದ ನೋಟ್ಸಿನ ಜತೆಗೇ ಮನೆಗೆ ತಂದಿದ್ದ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಟ್ಟ ಹತ್ತಿ, ಗೋಡೆಗೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡತೊಡಗಿದ. ಅಡಿಕೆ ಮೂಟೆಗಳ ಸಂದಿಯಿಂದ ಪುಟ್ಟಿ ಬಂದು ಬೆನ್ನ ಹಿಂದೆ ನಿಂತದ್ದು ಅವನಿಗೆ ತಿಳಿಯಲೇ ಇಲ್ಲ. ಕಿವಿ ಮುಚ್ಚಿದ್ದವನಿಗೆ ಮೆಟ್ಟಿಲ ಸಪ್ಪಳ ಎಲ್ಲಿ ಕೇಳಬೇಕು?

ಹೀಗೆ ಒಂದೇ ಫೋನಿನ ಮುಂದೆ ಇಬ್ಬರು ಎರಡು ಬೇರೆ ಸಿನಿಮಾ ನೋಡಿದರು. ಅಣ್ಣನಿಗೆ ಮಾತಿತ್ತು, ಸಂಗೀತವಿತ್ತು, ಯಾರು ಯಾರನ್ನು ಏಕೆ ಹೊಡೆಯುತ್ತಾರೆಂಬ ಲೆಕ್ಕವಿತ್ತು. ತಂಗಿಗೆ ಇದಾವುದೂ ಇರಲಿಲ್ಲ. ಅವಳಿಗೆ ಕಂಡದ್ದು ಸದ್ದಿಲ್ಲದ ಹೊಡೆತ, ಸದ್ದಿಲ್ಲದ ರಕ್ತ. ಕಥೆ ಅವನ ಕಿವಿಗೆ ಹೋಯಿತು, ಕತ್ತಿ ಅವಳ ಕಣ್ಣಿಗೆ ಹೋಯಿತು.

*

ತೋಟದಿಂದ ಬಂದ ತಂದೆಗೆ ವಿಷಯ ತಿಳಿದಾಗ ಬಚ್ಚಲೊಲೆ ಉರಿಯುತ್ತಿತ್ತು. ಫೋನು ಅದರೊಳಗೆ ಹೋಗುವುದೊಂದು ಬಾಕಿ.

“ಪರೀಕ್ಷೆಗೆ ಎರಡು ವಾರ ಇಲ್ಲ. ನೀನು ಅಟ್ಟದ ಮೇಲೆ ಕೂತು ಕೊಲೆ ನೋಡ್ತೀಯ. ಅದೂ ಆ ಕೂಸಿಗೆ ತೋರಿಸ್ಕೊಂಡು!”

“ನಾನು ತೋರಿಸಲಿಲ್ಲ ಅಪ್ಪಯ್ಯ. ಅವಳು ಹಿಂದೆ ಇದ್ದದ್ದೇ ಗೊತ್ತಿಲ್ಲ.”

“ನಿಂಗೇ ಹದಿನೆಂಟು ಆಗಲಿಲ್ಲವಲ್ಲ ಮಾರಾಯ!”

“ಇನ್ನು ಐದು ತಿಂಗಳಿಗೆ ಆಗ್ತದೆ. ನೀವು ‘ಓಂ’ ನೋಡಿಲ್ವಾ? ಮೂರು ಸಲ ನೋಡಿದ್ದೆ ಅಂತ ನೀವೇ ಹೇಳ್ತೀರಿ. ಅದರಲ್ಲಿ ಲಾಂಗ್ ಇರಲಿಲ್ವಾ?”

ಮಾತು ನಾಟಿತು. 1995ರಲ್ಲಿ ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ನಟಿಸಿದ ‘ಓಂ’ ಬಂದಾಗ ತಂದೆ ಸಾಗರದಲ್ಲಿ ಪದವಿ ಓದುತ್ತಿದ್ದರು. ಮೂರು ಸಲ ನೋಡಿದ್ದು ನಿಜ. ಆ ಚಿತ್ರದ ಹಾಡು ಕೇಳಿದಾಗಲೆಲ್ಲ ಅದನ್ನು ಮನೆಯವರಿಗೆ ಹೇಳಿದ್ದೂ ನಿಜ. ಹಾಗೆಂದು ಅವರೇನೂ ಲಾಂಗ್ ಹಿಡಿಯಲಿಲ್ಲ. ಊರಿಗೆ ಬಂದು ಅಡಿಕೆ ತೋಟದ ಕತ್ತಿ ಹಿಡಿದರು.

ಆದರೆ ಅದೇ ಸಾಗರದ ಇನ್ನೊಂದು ನೆನಪೂ ಅವರಿಗಿತ್ತು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ‘ಎ’ ಚಿತ್ರವೊಂದಕ್ಕೆ ಸಾಲಿನಲ್ಲಿ ನಿಂತಿದ್ದರು. ಟಿಕೇಟು ಹರಿಯುವ ಗೇಟ್‌ಕೀಪರ್ ಮುಖ ನೋಡಿ, ಇಂಥವರ ಮಗನೆಂದು ಗುರುತು ಹಿಡಿದು, ಮೀಸೆ ಬಂದ ಮೇಲೆ ಬಾ ಎಂದು ನಾಲ್ಕು ಜನರೆದುರು ಹಿಂದಕ್ಕೆ ಕಳಿಸಿದ್ದ. ಅಂದು ಆದ ಅವಮಾನಕ್ಕೆ ಅವನನ್ನು ಶಪಿಸಿದ್ದರು. ಮೂವತ್ತು ವರ್ಷದ ಮೇಲೆ, ಬಚ್ಚಲೊಲೆಯ ಮುಂದೆ ನಿಂತಾಗ, ಆ ಗೇಟ್‌ಕೀಪರ್ ದೊಡ್ಡ ಮನುಷ್ಯನೆನ್ನಿಸಿದ.

ಫೋನಿಗೂ ಬಾಗಿಲಿಲ್ಲವೆಂದಲ್ಲ. ಥಿಯೇಟರಿನ ಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಮಂಡಳಿಗೆ ಅಂತರ್ಜಾಲದ ವೇದಿಕೆಗಳ ಮೇಲೆ ಅಂಥ ಅಧಿಕಾರವಿಲ್ಲ ನಿಜ. ಆದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವೇದಿಕೆಗಳೇ ತಮ್ಮ ಚಿತ್ರಗಳಿಗೆ ವಯಸ್ಸಿನ ಗುರುತು ಹಾಕಬೇಕು. ಹದಿಮೂರು ಮತ್ತು ಅದಕ್ಕೆ ಮೇಲಿನ ವಯಸ್ಸಿನ ಗುರುತಿದ್ದರೆ ಪೋಷಕರು ಹಾಕಬಹುದಾದ ಬೀಗವನ್ನು ಒದಗಿಸಬೇಕು. ‘ಎ’ ಎಂದಿದ್ದರೆ ನೋಡುವವನ ವಯಸ್ಸನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಈ ಬೀಗ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು ಹುಡುಕಿ ಹಾಕುವ ತಂದೆತಾಯಿ ಎಷ್ಟು ಮಂದಿ ಎಂಬುದು ಬೇರೆ ಮಾತು. ಈ ಮನೆಯ ಮಟ್ಟಿಗೆ ಆದದ್ದಿಷ್ಟು. ಖಾತೆ ಗೆಳೆಯನ ಅಣ್ಣನದು. ಬಾಗಿಲಲ್ಲಿ ವಯಸ್ಸಿನ ಲೆಕ್ಕ ಕೊಟ್ಟವನು ಇಪ್ಪತ್ತೈದರವನು. ಒಳಗೆ ಹೋದವನು ಹದಿನೇಳರವನು. ಅವನ ಬೆನ್ನ ಹಿಂದೆ ಹತ್ತರವಳು.

ತಂದೆ ಫೋನನ್ನು ಒಲೆಗೆ ಹಾಕಲಿಲ್ಲ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, “ಊಟ ಆದ ಮೇಲೆ ನಾನೂ ನೋಡ್ತೇನೆ. ನೀನೂ ಕೂತ್ಕೋ. ಕಿವಿಗೆ ಎಂತದೂ ಬೇಡ, ಸೌಂಡ್ ಹೊರಗೇ ಬರಲಿ,” ಎಂದರು.

ಮಗನಿಗೆ ಇದಕ್ಕಿಂತ ಎರಡೇಟು ಬಿದ್ದಿದ್ದರೇ ವಾಸಿಯಿತ್ತು.

*

ಆ ರಾತ್ರಿ ಜಗಲಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಂದೆ-ಮಗ ಎರಡು ಗಂಟೆ ಮೀರಿದ ಆ ಚಿತ್ರವನ್ನು ಪೂರ್ತಿ ನೋಡಿದರು. ಮಲಯಾಳ ಅರ್ಧ ತಿಳಿಯುತ್ತಿತ್ತು, ಉಳಿದದ್ದಕ್ಕೆ ತೆರೆಯ ಕೆಳಗಿನ ಇಂಗ್ಲಿಷ್ ಸಾಲು. ಮೊದಮೊದಲು ಮಗ ಉತ್ಸಾಹದಲ್ಲಿ ವಿವರಿಸಿದ.

“ಮ್ಯೂಸಿಕ್ ನಮ್ಮವರದ್ದೇ ಅಪ್ಪಯ್ಯ. ರವಿ ಬಸ್ರೂರು. ಕೆ.ಜಿ.ಎಫ್.ಗೆ ಮಾಡಿದವರು. ಇಲ್ಲಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋದರೆ ಅವರ ಊರು.”

ತಂದೆ ತಲೆದೂಗಿದರು. ಸಂಗೀತಕ್ಕೆ ಎದೆ ಬಡಿತ ಏರಿಸುವ ಶಕ್ತಿಯಿದ್ದದ್ದನ್ನು ಅಲ್ಲಗಳೆಯುವಂತಿರಲಿಲ್ಲ. ನಾಯಕ ನಿಲ್ಲುವ ಠೀವಿ, ಹೊಡೆದಾಟ ಕಟ್ಟಿದ ಚಾಕಚಕ್ಯತೆ, ಬೆಳಕಿನ ಕೆಲಸ ಎಲ್ಲವೂ ನುರಿತವರದೇ. ಇದನ್ನು ಮಾಡಿದವರು ಕೆಲಸ ಬಾರದವರಲ್ಲ. ಹದಿನೇಳರ ಹುಡುಗನಿಗೆ ಇದು ಏಕೆ ರುಚಿಸಿತೆಂಬುದೂ ಅವರಿಗೆ ಅರ್ಥವಾಯಿತು. ಮನೆಯವರಿಗೆ ಅನ್ಯಾಯವಾದಾಗ ಯಾರಿಗೂ ಕಾಯದೆ ಎದ್ದು ನಿಲ್ಲುವವನೊಬ್ಬ ಇದ್ದಾನೆಂಬ ಕಲ್ಪನೆಯೇ ಆ ವಯಸ್ಸಿನಲ್ಲಿ ರೋಮಾಂಚನ.

ಆದರೆ ಚಿತ್ರ ಮುಂದುವರಿದಂತೆ ಮಗನ ವಿವರಣೆ ಕಡಿಮೆಯಾಯಿತು. ಗೆಳೆಯರ ಮುಂದೆ ಶಿಳ್ಳೆ ಹೊಡೆಸುವ ದೃಶ್ಯ ಅಪ್ಪನ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ. ತಂದೆ ಎರಡು ಸಲ ಕಣ್ಣು ಮುಚ್ಚಿಕೊಂಡರು. ಮನೆಯೊಳಗಿನ ಹತ್ಯಾಕಾಂಡ ಬಂದಾಗ ಮಗ ತೆರೆಯನ್ನು ಬಿಟ್ಟು ಗೋಡೆ ನೋಡುತ್ತಿದ್ದ. ಅಲ್ಲಿ ಗೋಡೆಯ ಆಚೆ ಪುಟ್ಟಿ ಮಲಗಿದ್ದಳು.

ಮುಗಿದಾಗ ಹನ್ನೆರಡು ದಾಟಿತ್ತು. ತಂದೆ ಬೈಯುತ್ತಾರೆಂದು ಮಗ ಕಾದ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ಜನ ಸತ್ತರು ಲೆಕ್ಕ ಇಲ್ಲ. ಅದರಲ್ಲಿ ನಿಂಗೆ ಎಷ್ಟು ಜನರ ಹೆಸರು ನೆನಪುಂಟು?”

ಮಗ ಯೋಚಿಸಿದ. “ವಿಕ್ಟರ್,” ಎಂದ. ಮತ್ತೆ ಯೋಚಿಸಿದ. ಮುಂದಿನ ಹೆಸರು ಬರಲಿಲ್ಲ.

*

ತಂದೆ ಸೇಡಿನ ಕಥೆ ಕೇಳದೆ ಬೆಳೆದವರಲ್ಲ. ಅವರ ಬಾಲ್ಯದಲ್ಲಿ ಅಡಿಕೆ ಸುಲಿಯುವ ರಾತ್ರಿಗಳೆಂದರೆ ಸೇಡಿನ ಕಥೆಗಳ ರಾತ್ರಿಗಳೇ. ಗ್ಯಾಸ್ ಲೈಟಿನ ಬೆಳಕಿನಲ್ಲಿ ಹತ್ತಿಪ್ಪತ್ತು ಜನ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ಎಲ್ಲರ ಮುಂದೆಯೂ ಕತ್ತಿ, ಎಲ್ಲರ ಬಾಯಲ್ಲೂ ಭೀಮ. ಕೀಚಕನನ್ನು ಉಂಡೆ ಮಾಡಿದ್ದು, ದುಶ್ಶಾಸನನ ಎದೆ ಬಗೆದದ್ದು, ದ್ರೌಪದಿಯ ಮುಡಿ ಕಟ್ಟಿದ್ದು. ರಕ್ತಕ್ಕೆ ಅಲ್ಲೇನೂ ಕೊರತೆಯಿರಲಿಲ್ಲ. ಹೀಗಿರುವಾಗ ಈ ಚಿತ್ರದ ಬಗ್ಗೆ ಮಾತ್ರ ಮುಖ ಸಿಂಡರಿಸುವುದು ನ್ಯಾಯವೇ ಎಂದು ತಂದೆ ತಮ್ಮನ್ನು ತಾವೇ ಕೇಳಿಕೊಂಡರು.

ಉತ್ತರ ಸಿಕ್ಕಿದ್ದು ತಾಳಮದ್ದಲೆಯ ನೆನಪಿನಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೆಂಪು ಬಣ್ಣವಿಲ್ಲ. ಭಾಗವತರ ಹಾಡು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು. ಗದಾಪರ್ವದಲ್ಲಿ ತೊಡೆ ಮುರಿದು ಬಿದ್ದ ಕೌರವ ಸುಮ್ಮನೆ ಸಾಯುವುದಿಲ್ಲ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಹುದೇ ಎಂದು ಕೇಳುತ್ತಾನೆ. ಕೃಷ್ಣನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಭೀಮ ಉತ್ತರ ಕೊಡಬೇಕು, ಕೃಷ್ಣ ಉತ್ತರ ಕೊಡಬೇಕು. ಸಭೆಯಲ್ಲಿ ಕೂತವರು ಭೀಮನ ಕಡೆಯವರೇ ಆದರೂ ಕೌರವನ ಮಾತಿಗೆ ತಲೆದೂಗುತ್ತಾರೆ. ಹತ್ತನೆಯ ಶತಮಾನದ ರನ್ನನ ಕಾವ್ಯದಲ್ಲೂ ಹೀಗೇ. ತನ್ನ ದೊರೆಯನ್ನು ಭೀಮನಿಗೆ ಹೋಲಿಸಿ ಅವನು ‘ಗದಾಯುದ್ಧ’ ಬರೆದ. ಓದಿದವರ ಮನಸ್ಸಿನಲ್ಲಿ ಉಳಿದವನು ದುರ್ಯೋಧನ.

ಕಾಲೇಜಿನ ದಿನಗಳಲ್ಲಿ ಸಾಗರದಿಂದ ಹೆಗ್ಗೋಡಿಗೆ ಹೋಗಿ ಒಂದು ರಾತ್ರಿ ನೋಡಿದ ಜಪಾನಿ ಚಿತ್ರವೂ ಅವರಿಗೆ ನೆನಪಾಯಿತು. 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಹಿರಿತನದಲ್ಲಿ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ಅಡಿಕೆ ಬೆಳೆಯುವ ಹಳ್ಳಿಗೆ ಜಗತ್ತಿನ ಚಿತ್ರಗಳನ್ನು ತಂದಿತ್ತು. ನೋಡಿದ ಮೇಲೆ ಎಲ್ಲರೂ ಕೂತು ಮಾತಾಡುವುದು ಅಲ್ಲಿಯ ಪದ್ಧತಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಊರಿನವರಿಗೆಲ್ಲ ತಮಗೇ ಬಂದಷ್ಟು ಸಂತೋಷ. ಅಂದು ತೋರಿಸಿದ್ದು ಅಕಿರಾ ಕುರೊಸಾವಾ ಅವರ 1950ರ ‘ರಾಶೊಮಾನ್’. ಕಾಡಿನಲ್ಲಿ ಒಂದು ಕೊಲೆ. ಅದನ್ನು ನಾಲ್ಕು ಜನ ನಾಲ್ಕು ರೀತಿ ಹೇಳುತ್ತಾರೆ. ಅವರಲ್ಲಿ ಒಬ್ಬ, ಸತ್ತವನು. ಮೈಮೇಲೆ ಬಂದವಳ ಬಾಯಿಂದ ಅವನೂ ತನ್ನ ಸಾವಿನ ಕಥೆ ಹೇಳುತ್ತಾನೆ. ನಮ್ಮ ಕಡೆ ದರ್ಶನ ಬರುವ ಹಾಗೆಯೇ ಎಂದು ಹಿಂದೆ ಕುಳಿತ ಹಿರಿಯರೊಬ್ಬರು ಅಂದದ್ದು ತಂದೆಗೆ ಇನ್ನೂ ಕಿವಿಯಲ್ಲಿತ್ತು.

ಸತ್ತವನಿಗೂ ಮಾತು ಕೊಡುವುದು, ನೋಡಿದವರು ಕೂತು ಮಾತಾಡುವುದು. ಬೆಳೆಯುವಾಗ ತಮಗೆ ಸಿಕ್ಕಿದ್ದು ಇವೆರಡು ಎಂದು ತಂದೆಗೆ ಅನ್ನಿಸಿತು. ಮಗನಿಗೆ ಸಿಕ್ಕಿದ್ದು ಅಂಗೈಯಗಲದ ತೆರೆ, ಕಿವಿಗೆ ಎರಡು ಬಿರಡೆ. ಪುಟ್ಟಿಗೆ ಅದೂ ಇಲ್ಲ.

*

26ರ ಬುಧವಾರ ಶಿವರಾತ್ರಿ. ತಾಯಿಯ ತವರು ತೀರ್ಥಹಳ್ಳಿ ಪೇಟೆಯಲ್ಲಿ, ತುಂಗೆಗೆ ನಡೆದು ಹೋಗುವಷ್ಟು ದೂರದಲ್ಲಿ. ಪುಟ್ಟಿಗೆ ಜಾಗ ಬದಲಾದರೆ ಒಳ್ಳೆಯದೆಂದು ಮಂಗಳವಾರವೇ ಎಲ್ಲರೂ ಹೊರಟರು. ಮೊದಲ ಪರೀಕ್ಷೆ ಕನ್ನಡದ್ದು; ಬಸ್ಸಿನಲ್ಲಿ ಮಗ ಪಠ್ಯಪುಸ್ತಕ ಬಿಡಿಸಿ ಕೂತಿದ್ದ. ಪುಟ ಮಾತ್ರ ಬಹಳ ಹೊತ್ತು ತಿರುಗಲಿಲ್ಲ. ಪುಟ್ಟಿ ಎಂದಿನಂತೆ ಅವನ ಪಕ್ಕ ಕೂರದೆ ಅಮ್ಮನ ತೊಡೆಗೆ ಅಂಟಿಕೊಂಡದ್ದನ್ನು ಅವನು ಗಮನಿಸಿದ್ದ. ಒಂದು ವಾರದಿಂದ ತಂಗಿ ಅವನ ಹತ್ತಿರ ಬಂದಿರಲಿಲ್ಲ. ಪರೀಕ್ಷೆಯ ಭಯಕ್ಕಿಂತ ಅದು ಅವನನ್ನು ಹೆಚ್ಚು ಕಾಡುತ್ತಿತ್ತು.

ಶಿವರಾತ್ರಿಯ ಬೆಳಿಗ್ಗೆ ಅಜ್ಜಿ ಮೊಮ್ಮಕ್ಕಳನ್ನು ರಾಮೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಬೇಸಿಗೆ ಹತ್ತಿರವಾಗಿ ತುಂಗೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಆಚೆ ಕಮಾನು ಸೇತುವೆ. ಪರಶುರಾಮ ತೀರ್ಥದ ಬಳಿ ಅಜ್ಜಿ ನಿಂತರು. ಎಳ್ಳಮಾವಾಸ್ಯೆಗೆ ಸಾವಿರಾರು ಜನ ಮೀಯುವ ಜಾಗ ಅದು. ಸ್ಥಳಪುರಾಣವನ್ನು ಪುಟ್ಟಿಗೆ ಹೇಳಿದರು. ಅಪ್ಪನ ಮಾತಿಗೆ ಪರಶುರಾಮ ತಾಯಿಯ ತಲೆ ಕಡಿದ. ವರ ಕೇಳಿ ಬದುಕಿಸಿಕೊಂಡ. ಮುಂದೆ ಅಪ್ಪನನ್ನು ಕೊಂದವರ ಮೇಲಿನ ಸೇಡಿಗೆ ಇಪ್ಪತ್ತೊಂದು ಸಲ ಭೂಮಿ ಸುತ್ತಿ ರಾಜರನ್ನು ಕೊಂದ. ಆದರೆ ಕೊಡಲಿಗೆ ಅಂಟಿದ ತಾಯಿಯ ರಕ್ತದ ಕಲೆ, ಎಳ್ಳು ಕಾಳಿನಷ್ಟು, ಎಲ್ಲಿ ತೊಳೆದರೂ ಹೋಗಲಿಲ್ಲ. ಹೋದದ್ದು ಇಲ್ಲಿ, ಈ ನೀರಿನಲ್ಲಿ.

“ಅಷ್ಟೆಲ್ಲಾ ಜನರ ರಕ್ತ ಹೋಯ್ತು, ಅಮ್ಮಂದು ಮಾತ್ರ ಯಾಕೆ ಹೋಗಲಿಲ್ಲ ಅಜ್ಜಿ?” ಎಂದು ಕೇಳಿದ್ದು ಮೊಮ್ಮಗ, ಪುಟ್ಟಿಯಲ್ಲ.

“ಮನೆಯವರದ್ದಲ್ಲವನಾ ಮಾರಾಯ,” ಎಂದರು ಅಜ್ಜಿ. “ಅದು ಅಷ್ಟು ಸುಲಭಕ್ಕೆ ಹೋಗ್ತದಾ?”

ರಾತ್ರಿ ಜಾಗರಣೆ. ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಕೂತಾಗ ಅಜ್ಜಿಯೇ ಮಾತು ತೆಗೆದರು.

“ಅದೆಂತದೋ ಸಿನಿಮಾ ನೋಡಿ ಪುಟ್ಟಿ ಹೆದರಿಕೊಂಡಿದಾಳಂತಲ್ಲ. ಅದರ ಕಥೆ ಹೇಳು, ನಾನೂ ಕೇಳ್ತೇನೆ. ಜಾಗರಣೆಗೂ ಆಯ್ತು.”

ತಾಯಿ ಬೇಡವೆಂದು ಕಣ್ಸನ್ನೆ ಮಾಡಿದರು. ತಂದೆ ಸುಮ್ಮನಿರುವಂತೆ ಅವರಿಗೆ ಸನ್ನೆ ಮಾಡಿದರು. ಮಗ ಹಿಂಜರಿಯುತ್ತಲೇ ಶುರುಮಾಡಿದ. ಚಿನ್ನದ ವ್ಯಾಪಾರದ ಮನೆ, ಕಣ್ಣಿಲ್ಲದ ವಿಕ್ಟರ್. ಅಜ್ಜಿ ಬಿಡಲಿಲ್ಲ. ಕಣ್ಣಿಲ್ಲದ ಹುಡುಗನನ್ನು ಯಾಕೆ ಕೊಂದ್ರು? ಅವನ ಗೆಳೆಯನ ಕೊಲೆಯಾದಾಗ ಅವನು ಅಲ್ಲೇ ಇದ್ದ ಅಜ್ಜಿ. ಮಾರ್ಕೊ ಅವರಿಗೆ ಎಂತ ಆಗಬೇಕು? ಸಾಕಿದ ಮಗ, ಅಣ್ಣನ ಹಾಗೆ. ಹೆಣ್ಣುಮಕ್ಕಳು ಎಂತ ಮಾಡ್ತಾರೆ? ಎಂತದೂ ಮಾಡುವುದಿಲ್ಲ. ಪೊಲೀಸರು ಇಲ್ವನಾ ಆ ಊರಲ್ಲಿ? ಇದಕ್ಕೆ ಅವನು ನಕ್ಕುಬಿಟ್ಟ. ಹತ್ತು ನಿಮಿಷದಲ್ಲಿ ಕಥೆ ಮುಗಿಯಿತು.

“ಎರಡು ಗಂಟೆ ಸಿನಿಮಾ ಅಂದ್ಯಲ್ಲ. ಉಳಿದದ್ದು?”

“ಉಳಿದದ್ದು ಹೊಡೆದಾಟ ಅಜ್ಜಿ. ಅದನ್ನು ಹೇಳೋಕ್ಕೆ ಬರೋದಿಲ್ಲ.”

“ಸೇಡು ತೀರಿತಾ?”

“ತೀರಿತು.”

“ಮನೇಲಿ ಯಾರು ಉಳಿದ್ರು?”

ಮಗ ಬೆರಳು ಮಡಿಸಿ ಎಣಿಸಹೊರಟ. ಅರ್ಧಕ್ಕೆ ನಿಂತ. “ಹೆಚ್ಚು ಜನ ಇಲ್ಲ,” ಎಂದ.

ಅಜ್ಜಿ ಏನೂ ಹೇಳಲಿಲ್ಲ. ಅಷ್ಟರಲ್ಲಿ ಅಮ್ಮನ ಸೆರಗಿನಿಂದ ಸಣ್ಣ ದನಿಯೊಂದು ಬಂತು.

“ಆ ಪಾಪು ಹೆಸರು ಎಂತ ಅಣ್ಣ?”

ತಂದೆ ಮಗನ ಮುಖ ನೋಡಿದರು. ಅವನು ತಲೆ ತಗ್ಗಿಸಿ, “ಗೊತ್ತಿಲ್ಲ ಪುಟ್ಟಿ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಅದು ನಿಜವಾಗಿ ಸತ್ತಿಲ್ಲ. ಸಿಲಿಂಡರೂ ನಿಜದ್ದಲ್ಲ. ರಕ್ತ ಬಣ್ಣದ ನೀರು,” ಎಂದ.

ಅಜ್ಜಿ ಈಗ ಬಾಯಿ ಹಾಕಿದರು. “ನಾನು ನಿನ್ನಷ್ಟಿದ್ದಾಗ ಬಯಲಾಟದಲ್ಲಿ ದುಶ್ಶಾಸನನ ವಧೆ ನೋಡಿ ಜ್ವರ ಬಂದಿತ್ತು ಕೂಸೆ. ಮಾರನೇ ಬೆಳಿಗ್ಗೆ ನಮ್ಮಪ್ಪ ನನ್ನನ್ನು ಎತ್ತಿಕೊಂಡು ಚೌಕಿಗೆ ಹೋದ್ರು. ನೋಡಿದ್ರೆ ದುಶ್ಶಾಸನ ಅರ್ಧ ಬಣ್ಣ ಒರೆಸಿಕೊಂಡು ಭೀಮನ ಪಕ್ಕ ಕೂತು ಚಾ ಕುಡೀತಿದ್ದ. ಇಬ್ಬರೂ ಒಂದೇ ಬೀಡಿ ಸೇದ್ತಿದ್ರು!”

ಪುಟ್ಟಿ ಎದ್ದು ಕೂತಳು. “ಆ ಪಾಪೂನೂ ಆಮೇಲೆ ಚಾ ಕುಡೀತಾ?”

“ಪಾಪು ಅಲ್ಲವಾ, ಐಸ್‌ಕ್ರೀಮ್ ತಿಂದಿರ್ತದೆ,” ಎಂದ ಅಣ್ಣ. “ನಾಯಕನ ಹತ್ತಿರ ಕೊಡಿಸಿಕೊಂಡು.”

ಅವಳು ನಗಲಿಲ್ಲ. ಆದರೆ ಅಮ್ಮನ ಸೆರಗು ಬಿಟ್ಟು, ಚಾಪೆಯ ಮೇಲೆ ಸರಿದು ಸರಿದು ಅಣ್ಣನ ಪಕ್ಕಕ್ಕೆ ಬಂದಳು. ಜಾಗರಣೆಯಲ್ಲಿ ಮೊದಲು ನಿದ್ದೆ ಹೋದವಳೂ ಅವಳೇ. ಅವನ ತೊಡೆಯ ಮೇಲೆ ಅವಳ ತಲೆ, ಪಕ್ಕದಲ್ಲಿ ಕನ್ನಡ ಪುಸ್ತಕ. ಬೆಳಗಿನ ತನಕ ಅವನು ಅಲುಗಲಿಲ್ಲ.

ಇದೇ ತಾಲ್ಲೂಕಿನ ಕುಪ್ಪಳಿಯ ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ಎಂಬ ನಾಟಕ ಬರೆದಿದ್ದಾರೆ. ಯುದ್ಧವೆಲ್ಲ ಮುಗಿದ ಮೇಲಿನ ರಣರಂಗ ಅದರ ವಸ್ತು. ಸಿನಿಮಾ ಎಲ್ಲಿ ಮುಗಿಯುತ್ತದೋ ಅಲ್ಲಿ ಆ ನಾಟಕ ಶುರುವಾಗುತ್ತದೆ ಎಂದು ತಂದೆಗೆ ಅನ್ನಿಸಿತು. ಅಜ್ಜಿ ಆ ನಾಟಕ ಓದಿದವರಲ್ಲ. ಮನೆಯಲ್ಲಿ ಯಾರು ಉಳಿದರು ಎಂದು ಕೇಳಲು ಅವರಿಗೆ ಓದಿರಬೇಕಾಗಿರಲಿಲ್ಲ.

*

ಮಗ ಪರೀಕ್ಷೆ ಬರೆಯುತ್ತಿದ್ದ ಮಾರ್ಚ್ ತಿಂಗಳಲ್ಲೇ ಆ ಚಿತ್ರ ಮತ್ತೆ ಸುದ್ದಿಯಾಯಿತು. ಕೇರಳದಲ್ಲಿ ಎಳೆಯರ ನಡುವೆ ಹಿಂಸೆ ಹೆಚ್ಚುತ್ತಿರುವ ಬಗ್ಗೆ ಅಲ್ಲಿನ ವಿಧಾನಸಭೆಯಲ್ಲಿ ಚರ್ಚೆ ನಡೆದಾಗ ‘ಮಾರ್ಕೊ’ ಹೆಸರೂ ಬಂತು. ಟಿ.ವಿ.ಯಲ್ಲಿ ತೋರಿಸಲು ಬೇಕಾದ ಪ್ರಮಾಣಪತ್ರವನ್ನು ಮಂಡಳಿ ಅದಕ್ಕೆ ಕೊಡಲಿಲ್ಲ. ಇಂಥ ಹಿಂಸೆಯ ಚಿತ್ರ ಇನ್ನು ಮಾಡುವುದಿಲ್ಲವೆಂದು ನಿರ್ಮಾಪಕ ಶರೀಫ್ ಮುಹಮ್ಮದ್ ಹೇಳಿದ್ದೂ ಪತ್ರಿಕೆಗಳಲ್ಲಿ ಬಂತು. ಸಮಾಜದ ಕೇಡಿಗೆಲ್ಲ ಸಿನಿಮಾವೇ ಕಾರಣವೇ ಎಂಬ ವಾದ ಎಂದಿನಂತೆ ಎರಡೂ ಕಡೆಯಿಂದ ನಡೆಯಿತು. ಒಂದು ಚಿತ್ರ ನೋಡಿದ ಮಾತ್ರಕ್ಕೆ ಯಾರೂ ಕೊಲೆಗಾರರಾಗುವುದಿಲ್ಲ. ‘ಓಂ’ ಮೂರು ಸಲ ನೋಡಿದವರು ಇದನ್ನು ಬಲ್ಲರು. ಆದರೆ ಯಾರೂ ಕೊಲೆ ಮಾಡದಿದ್ದರೂ ಒಂದು ಮಗು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡಬಹುದು. ಅದು ಯಾವ ವಿಧಾನಸಭೆಯ ಲೆಕ್ಕಕ್ಕೂ ಬರುವುದಿಲ್ಲ, ಮನೆಯವರ ಲೆಕ್ಕಕ್ಕೆ ಮಾತ್ರ ಬರುತ್ತದೆ.

ಸಿಲಿಂಡರಿನ ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಪರೀಕ್ಷೆ ಮುಗಿಸಿ ಬಂದ ಅಣ್ಣ ಒಂದು ಸಂಜೆ ಸೀಮೆಸುಣ್ಣ ತಂದು ಅದಕ್ಕೆ ಕಣ್ಣು, ಮೀಸೆ, ಹಣೆಯ ನಾಮ ಬರೆದ. ಮೇಲೆ ಕಿರೀಟದ ಹಾಗೆ ಹಾಳೆಯೊಂದನ್ನು ಸುತ್ತಿದ. ದೂರ ನಿಂತು ನೋಡುತ್ತಿದ್ದ ಪುಟ್ಟಿ, ಮೀಸೆ ಸೊಟ್ಟಗಾಗಿದೆ ಎಂದಳು. ಹಾಗಾದರೆ ನೀನೇ ಸರಿಮಾಡು ಎಂದು ಅವನು ಸೀಮೆಸುಣ್ಣ ಚಾಚಿದ. ಅವಳು ಬಹಳ ಹೊತ್ತು ಯೋಚಿಸಿ ಒಳಗೆ ಕಾಲಿಟ್ಟಳು. ಗ್ಯಾಸು ಮುಗಿದು ಆ ದುಶ್ಶಾಸನ ಲಾರಿಯೇರಿ ಹೋದಾಗ, ಬಂದ ಹೊಸ ಸಿಲಿಂಡರಿಗೆ ಮೀಸೆ ಬರೆದವಳು ಅವಳೇ.

ತಂದೆ ಫೋನಿನ ಬೀಗ ಹಾಕುವುದನ್ನು ಮಗನಿಂದಲೇ ಕಲಿತರು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಒಂದು ರೂಢಿ ಬಿತ್ತು. ಯಾರೇ ಯಾವುದೇ ಸಿನಿಮಾ ನೋಡಲಿ, ರಾತ್ರಿ ಊಟಕ್ಕೆ ಕೂತಾಗ ಅದರ ಕಥೆ ಹೇಳಬೇಕು. ಕೇಳುವವರು ಪ್ರಶ್ನೆ ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಬೇಕು.

ಜುಲೈಯಲ್ಲಿ ಮಗನಿಗೆ ಹದಿನೆಂಟು ತುಂಬಿತು. ಪಾಯಸದ ಲೋಟ ಹಿಡಿದು, ಸ್ವಲ್ಪ ಕೀಟಲೆಯ ದನಿಯಲ್ಲಿ, “ಇನ್ನು ‘ಎ’ ಸಿನಿಮಾಕ್ಕೆ ಯಾರೂ ತಡೆಯೋ ಹಾಗಿಲ್ಲ ಅಪ್ಪಯ್ಯ,” ಎಂದ.

“ನೋಡು ಮಾರಾಯ, ಯಾರು ಬೇಡ ಅಂದ್ರು?” ಎಂದರು ತಂದೆ. “ನೋಡಿಕೊಂಡು ತೀರ್ಥಹಳ್ಳಿಗೆ ಹೋಗಿ ಅಜ್ಜಿಗೆ ಕಥೆ ಹೇಳಿ ಬಾ. ಅಷ್ಟಾದರೆ ಸಾಕು.”